ಗುಣವಾಗದ ನಾಯಿಗೆ ದಯಾಮರಣ ಸರಿಯೇ?

ಪ್ರಶ್ನೆ: ನಮ್ಮ ಹನ್ನೆರಡು ವರ್ಷದ ನಾಯಿಯ ಮುಂಗಾಲಿನಲ್ಲಿ ಕಾಣಿಸಿಕೊಂಡ ಮೂಳೆಯ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿದೆ. ಗುಣವಾಗುವ ಆಸೆಯಿಲ್ಲವೆಂದಿರುವ ಪಶುವೈದ್ಯರು ದಯಾಮರಣದ ಬಗ್ಗೆ ಯೋಚಿಸಲು ಹೇಳಿದ್ದಾರೆ. ಕೊಡಲಾಗದ ಜೀವವನ್ನು ತೆಗೆಯುವ ಹಕ್ಕು ನಮಗಿಲ್ಲ ಎನ್ನುತ್ತಾರೆ ನನ್ನ ತಾಯಿ. ನಾಯಿ ಈಗಲೂ ನನ್ನನ್ನು ಕಂಡರೆ ಬಾಲ ಆಡಿಸುತ್ತದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿಮ್ಮ ತಾಯಿಯವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಜೀವ ತೆಗೆಯುವ ವಿಚಾರ ಬಂದಾಗ ಮನಸ್ಸು ಅಳುಕಲೇಬೇಕು. ಆದರೆ ನಾವು ಸುಮ್ಮನಿದ್ದರೆ ನಾಯಿ ತನ್ನಷ್ಟಕ್ಕೆ ನೆಮ್ಮದಿಯಿಂದ ಕಣ್ಣು ಮುಚ್ಚುತ್ತದೆ ಎಂಬ ನಂಬಿಕೆ ಆ ಮಾತಿನ ಹಿಂದಿದ್ದರೆ, ಈ ಕಾಯಿಲೆಯಲ್ಲಿ ಅದು ಈಡೇರುವುದು ಕಷ್ಟ. ಗಡ್ಡೆಯಿಂದ ಟೊಳ್ಳಾದ ಮೂಳೆ ಸಾಮಾನ್ಯವಾದ ಒಂದು ಹೆಜ್ಜೆಗೇ ಮುರಿಯಬಹುದು, ಶ್ವಾಸಕೋಶದ ಗಡ್ಡೆಗಳು ಬೆಳೆದಂತೆ ಉಸಿರಾಟವೇ ಯಾತನೆಯಾಗಬಹುದು. ಇಷ್ಟು ವರ್ಷ ಅದರ ಊಟ, ಔಷಧಿ, ಓಡಾಟ ಎಲ್ಲವನ್ನೂ ನಿರ್ಧರಿಸಿದವರು ನೀವೇ ಆಗಿರುವಾಗ, ಕೊನೆಯ ಹಂತದಲ್ಲಿ ಏನನ್ನೂ ಮಾಡದಿರುವುದು ಕೂಡ ನೀವು ತೆಗೆದುಕೊಂಡ ನಿರ್ಧಾರವೇ ಆಗುತ್ತದೆ.

ಕಾಯಿಲೆಯ ಮನುಷ್ಯ ಮೊಮ್ಮಗುವಿನ ಮುಖ ನೋಡುವ ಆಸೆಯಿಂದ ಇನ್ನೊಂದು ತಿಂಗಳ ನೋವನ್ನು ತಾನಾಗಿಯೇ ಒಪ್ಪಿಕೊಳ್ಳಬಲ್ಲ. ನಾಯಿಗೆ ಅಂಥ ಆಯ್ಕೆಯಿಲ್ಲ. ಈ ನೋವು ಏಕೆಂದಾಗಲಿ, ಎಂದು ಮುಗಿಯುತ್ತದೆಂದಾಗಲಿ ಅದಕ್ಕೆ ತಿಳಿಯದು. ಆದ್ದರಿಂದ ಉಳಿದ ದಿನಗಳು ಅದಕ್ಕಾಗಿಯೋ, ಅದನ್ನು ಬಿಟ್ಟಿರಲಾರದ ನಮಗಾಗಿಯೋ ಎಂದು ಕೇಳಿಕೊಳ್ಳುವುದೇ ಇಲ್ಲಿನ ನೈತಿಕ ಪ್ರಶ್ನೆ ಎಂದು ನಾನು ನಂಬುತ್ತೇನೆ. ಗುಣವಾಗಬಲ್ಲ ನಾಯಿಯನ್ನು ಆರೈಕೆ ಬೇಸರವಾಯಿತೆಂದು ಕೊಲ್ಲಿಸುವುದು ಬೇರೆಯೇ ಮಾತು, ಅದಕ್ಕೆ ದಯೆಯ ಹೆಸರು ಸಲ್ಲದು.

ಬಾಲ ಆಡಿಸುತ್ತದೆ ಎಂದಮಾತ್ರಕ್ಕೆ ನೋವಿಲ್ಲ ಎಂದು ತಿಳಿಯಬೇಡಿ. ತೀವ್ರ ನೋವಿರುವ ನಾಯಿಯೂ ತನ್ನವರನ್ನು ಕಂಡು ಹಿಗ್ಗುತ್ತದೆ, ಎಷ್ಟೋ ನಾಯಿಗಳು ನರಳುವುದೇ ಇಲ್ಲ. ರಾತ್ರಿ ಮಲಗಲಾಗದೆ ಮತ್ತೆ ಮತ್ತೆ ಜಾಗ ಬದಲಿಸುವುದು, ಸುಮ್ಮನಿದ್ದಾಗಲೂ ಏದುಸಿರು ಬಿಡುವುದು, ನೋಯುವ ಜಾಗವನ್ನು ಬಿಡದೆ ನೆಕ್ಕುವುದು, ಇವುಗಳನ್ನು ಗಮನಿಸಿ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಾಲೋಬೋಸ್ ರೂಪಿಸಿದ ಮಾಪನವೊಂದು ನಿಮಗೆ ನೆರವಾಗಬಹುದು: ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಹೀಗೆ ಏಳು ವಿಷಯಗಳಿಗೆ 0ಯಿಂದ 10ರವರೆಗೆ (ಸ್ಥಿತಿ ಉತ್ತಮವಿದ್ದಷ್ಟೂ, ಅಂದರೆ ನೋವು ಕಡಿಮೆಯಿದ್ದಷ್ಟೂ, ಹೆಚ್ಚು) ಅಂಕ ಕೊಟ್ಟು, ಒಟ್ಟು 70ರಲ್ಲಿ 35ಕ್ಕಿಂತ ಹೆಚ್ಚು ಬಂದರೆ ಆರೈಕೆ ಮುಂದುವರಿಸಬಹುದು ಎಂದು ಅದು ಹೇಳುತ್ತದೆ. ಅಂಕಿಯೇ ತೀರ್ಪಲ್ಲ, ನಿಜ. ಆದರೂ ತಾಯಿಯವರೂ ನೀವೂ ಬೇರೆಬೇರೆಯಾಗಿ ಬರೆದು ಹೋಲಿಸಿ ನೋಡಿದರೆ, ವಾದದಲ್ಲಿ ಸಿಗದ ಸ್ಪಷ್ಟತೆ ಸಿಕ್ಕೀತು.

ಅದಕ್ಕೂ ಮೊದಲು ನೋವು ನಿವಾರಣೆಗೆ ಇರುವ ದಾರಿಗಳನ್ನೆಲ್ಲ ನೋಡಿದ್ದೇವೆಯೇ ಎಂದು ವೈದ್ಯರನ್ನು ಕೇಳಿ. ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಸಿಟಮಾಲ್ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ. ಅವು ನಾಯಿಗೆ ವಿಷವಾಗಬಲ್ಲವು. ಔಷಧಿಗೂ ನೋವು ಬಗ್ಗದಿದ್ದರೆ, ಮೂಳೆ ಮುರಿಯುವವರೆಗೆ ಅಥವಾ ಉಸಿರು ಕಟ್ಟುವವರೆಗೆ ಕಾಯಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ದಯಾಮರಣಕ್ಕೆ ನಿರ್ಧರಿಸಿದರೆ, ಮೊದಲು ಮಂಪರು ಬರಿಸುವ ಚುಚ್ಚುಮದ್ದು ಕೊಡುವಂತೆ ಕೇಳಿಕೊಳ್ಳಿ. ಬಳಿಕ ಸಾಮಾನ್ಯವಾಗಿ ರಕ್ತನಾಳಕ್ಕೆ ಕೊಡುವ ಪೆಂಟೊಬಾರ್ಬಿಟಾಲ್ ಎಂಬ ಅರಿವಳಿಕೆ ಔಷಧಿಯಿಂದ ಪ್ರಜ್ಞೆ ಹೋಗಿ, ಕೆಲವೇ ನಿಮಿಷಗಳಲ್ಲಿ ಉಸಿರೂ ಹೃದಯವೂ ನಿಲ್ಲುತ್ತವೆ. ಕಣ್ಣು ತೆರೆದೇ ಇರಬಹುದು, ಪ್ರಾಣ ಹೋದ ಮೇಲೂ ಒಂದೆರಡು ಬಾರಿ ಉಸಿರೆಳೆದಂತೆ ಕಾಣಬಹುದು, ಅದು ನೋವಲ್ಲ. ತಾಯಿಯವರು ಜೊತೆಗಿರಲು ಬಯಸಿದರೆ ಇದನ್ನು ಅವರಿಗೆ ಮೊದಲೇ ತಿಳಿಸಿ.