ಜೀರ್ಣೋದ್ಧಾರವಾದ ಹಳೆಯ ಮರದ ಮೋಟಾರ್ ಯಾಟ್ ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು?

1930ರ ದಶಕದ ಮರದ ಮೋಟಾರ್ ಯಾಟ್ (ಎಂಜಿನ್ನಿನಿಂದ ಓಡುವ ವಿಹಾರ ನೌಕೆ) ಒಂದು ಜೀರ್ಣೋದ್ಧಾರಗೊಂಡು ಮಾರಾಟಕ್ಕಿದೆ, ವಾರ್ನಿಷ್ ಕನ್ನಡಿಯಂತೆ ಹೊಳೆಯುತ್ತಿದೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಅಂಥದೇ ಹೊಳಪಿಗೆ ಮರುಳಾಗಿ ಒಂದನ್ನು ಕೊಂಡು, ಮರುವರ್ಷವೇ ಅದರ ಹಿಂಭಾಗದ ಹಲಗೆಗಳನ್ನೆಲ್ಲ ಬಿಚ್ಚಿಸಬೇಕಾಗಿ ಬಂದವನು ನಾನು. ಆದ್ದರಿಂದ ವಾರ್ನಿಷನ್ನು ಕೊನೆಗೆ ನೋಡಿ, ಮಳೆನೀರು ಎಲ್ಲಿ ಒಳಗಿಳಿಯುತ್ತದೆ ಎಂಬುದನ್ನು ಮೊದಲು ಹುಡುಕಿ ಎನ್ನುತ್ತೇನೆ.

ಸಮುದ್ರದ ನೀರಿನಿಂದ ಮರ ಕೊಳೆಯುತ್ತದೆಂದು ಹೊಸಬರು ಹೆದರುವುದುಂಟು. ಆದರೆ ಉಪ್ಪುನೀರು ಕೊಳೆಯುವುದನ್ನು ತಡೆಯುತ್ತದೆ (ಮರ ಕೊರೆಯುವ ಹುಳುಗಳ ಕಾಟ ಬೇರೆಯೇ ಮಾತು). ಮರ ಲಡ್ಡು ಹಿಡಿಯುವುದು ಡೆಕ್ಕಿನ ಸಂದು, ಕಿಟಕಿಯ ಚೌಕಟ್ಟುಗಳ ಮೂಲಕ ಇಳಿದು ಗಾಳಿಯಾಡದ ಮೂಲೆಗಳಲ್ಲಿ ನಿಲ್ಲುವ ಸಿಹಿನೀರಿನಿಂದ. ನನ್ನ ದೋಣಿಯಲ್ಲಿ ಲಡ್ಡು ಮರವನ್ನು ಕೆತ್ತಿ ತೆಗೆಯದೆ, ಅದರ ಮೇಲೆಯೇ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ಮೆತ್ತಿ ಬಣ್ಣ ಬಳಿದಿದ್ದರು. ಒಳಗೆ ಸಿಕ್ಕಿಕೊಂಡ ತೇವ ಹೊರಹೋಗಲು ದಾರಿಯಿಲ್ಲದೆ ಪಕ್ಕದ ಗಟ್ಟಿ ಮರವನ್ನೂ ಕೆಡಿಸಿತು. ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲವೂ ತಟ್ಟಿ ನೋಡುವ, ಮರದ ದೋಣಿಗಳಲ್ಲಿಯೇ ಪಳಗಿದ ಸರ್ವೇಯರ್ (ದೋಣಿಯ ಸ್ಥಿತಿ ಪರೀಕ್ಷಿಸುವ ತಜ್ಞ) ಒಬ್ಬರನ್ನು ನೀವೇ ಗೊತ್ತುಮಾಡಿ, ಮಾರುವವರು ಸೂಚಿಸಿದವರನ್ನಲ್ಲ. ಗಟ್ಟಿ ಮರದ ದನಿಗೂ ಲಡ್ಡು ಮರದ ಮಂಕು ದನಿಗೂ ಇರುವ ವ್ಯತ್ಯಾಸ ನಿಮ್ಮ ಕಿವಿಗೂ ತಿಳಿದೀತು.

ಅನಂತರ ಮೊಳೆ, ಬೋಲ್ಟುಗಳ ವಿಚಾರ. ಓಕ್ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣವನ್ನು ತಿನ್ನುತ್ತದೆ, ತುಕ್ಕು ಹಿಡಿದ ಕಬ್ಬಿಣ ಸುತ್ತಲಿನ ಮರವನ್ನು ಕಪ್ಪಾಗಿಸಿ ಸಡಿಲಗೊಳಿಸುತ್ತದೆ. ಇದು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಅಡಿಮರದ ಬೋಲ್ಟುಗಳಲ್ಲಿ ಒಂದೆರಡನ್ನಾದರೂ ಹೊರತೆಗೆದು ನೋಡಬೇಕು. ಎಂಜಿನ್ ಬದಲಾಗಿದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ; ಬಿಡಿಭಾಗ ಸಿಗುವ ಡೀಸೆಲ್ ಎಂಜಿನ್ ಇದ್ದರೆ ಅನುಕೂಲವೇ.

ದಡದಲ್ಲಿ ಎಷ್ಟು ಕಾಲ ನಿಂತಿತ್ತು ಎಂಬುದನ್ನೂ ಕೇಳಿ. ಅಮೆರಿಕದ ಅಧ್ಯಕ್ಷರು ಬಳಸುತ್ತಿದ್ದ, 1925ರಲ್ಲಿ ಕಟ್ಟಿದ 104 ಅಡಿ ಉದ್ದದ 'ಸಿಕೋಯಾ' ಎಂಬ ಮರದ ಯಾಟ್ ಕೂಡ ವರ್ಷಗಟ್ಟಲೆ ದಡದಲ್ಲಿ ನಿಂತೇ ಶಿಥಿಲವಾಯಿತು. ಒಣಗಿದ ಹಲಗೆಗಳು ಕುಗ್ಗುವುದರಿಂದ, ನೀರಿಗಿಳಿಸಿದ ಮೊದಲ ಕೆಲವು ದಿನ ಸಂದುಗಳಲ್ಲಿ ನೀರು ಒಸರಿದರೆ ಗಾಬರಿಯಾಗಬೇಡಿ. ಮರ ನೀರು ಕುಡಿದು ಉಬ್ಬಿದಂತೆ ಸಂದು ಮುಚ್ಚಿಕೊಳ್ಳುತ್ತದೆ. ವಾರ ಕಳೆದರೂ ಒಳಬಂದ ನೀರನ್ನು ಹೊರಹಾಕುವ ಪಂಪು ನಿಲ್ಲದಿದ್ದರೆ ಮಾತ್ರ ಅನುಮಾನಿಸಬೇಕು.

ಕೊನೆಯದಾಗಿ, ಹಲಗೆ ಬಿಚ್ಚಿದ್ದಾಗ ತೆಗೆದ ಚಿತ್ರಗಳನ್ನು ಕೇಳಿ. ನಿಜವಾಗಿ ಜೀರ್ಣೋದ್ಧಾರ ಮಾಡಿದವರು ಅವನ್ನು ತಾವಾಗಿಯೇ ತೋರಿಸಲು ಮುಂದಾಗುತ್ತಾರೆ; ಚಿತ್ರವೂ ಇಲ್ಲ, ಬೋಲ್ಟು ತೆಗೆಯಲೂ ಬಿಡುವುದಿಲ್ಲ ಎಂದರೆ ನಾನಾದರೆ ಮುಂಗಡ ಕೊಡುವುದಿಲ್ಲ.