ಕಬ್ಬಿಗೆ ಒಂದು ಸಚಿವಾಲಯ, ನೀರಿಗೆ ಇನ್ನೊಂದು: ಕೂಡಿಸಿ ನೋಡುವವರು ಯಾರು?

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: “ನಮ್ಮ ಗ್ರಾಮಸಭೆಯಲ್ಲಿ ಹದಿನೇಳು ಬಣ್ಣದ ಚೌಕಗಳಿರುವ ಬ್ಯಾನರ್ ಕಟ್ಟಿ, ಸುಸ್ಥಿರ ಅಭಿವೃದ್ಧಿಗಾಗಿ ನೀರು ಉಳಿಸಿ, ರಾಗಿ ಬೆಳೆಯಿರಿ ಎಂದು ಹೇಳಿದರು. ಆದರೆ ಕಬ್ಬಿಗೆ ಕೇಂದ್ರವೇ ದರ ಗೊತ್ತುಮಾಡುತ್ತದೆ, ಎಥನಾಲ್‌ಗೂ ಕಬ್ಬು ಬೇಕು ಎನ್ನುತ್ತದೆ. ನಾವು ಯಾವ ಮಾತನ್ನು ಕೇಳಬೇಕು? ದೆಹಲಿಯಲ್ಲಿ ಇದನ್ನೆಲ್ಲ ಒಟ್ಟಿಗೆ ನೋಡುವವರು ಯಾರು? ಅದಕ್ಕೆಂದೇ ಒಂದು ಸಚಿವಾಲಯ ಏಕಿಲ್ಲ? ನಮ್ಮ ಪಂಚಾಯಿತಿಗೂ ಅಂಕ ಕೊಡುತ್ತಾರಂತೆ, ಅದರಿಂದೇನು ಉಪಯೋಗ?”

ಸಂಪಾದಕರ ಉತ್ತರ:

ಆ ಹದಿನೇಳು ಚೌಕಗಳು 2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2030ರ ಗಡುವಿಟ್ಟುಕೊಂಡು ಒಪ್ಪಿದ ಸುಸ್ಥಿರ ಅಭಿವೃದ್ಧಿಯ 17 ಗುರಿಗಳು; ಅವುಗಳ ಅಡಿಯಲ್ಲಿ 169 ಉಪಗುರಿಗಳಿವೆ. ಭಾರತದಲ್ಲಿ ಇವುಗಳ ಮೇಲುಸ್ತುವಾರಿ ನೀತಿ ಆಯೋಗದ್ದು. ಯಾವುದನ್ನು ಹೇಗೆ ಅಳೆಯಬೇಕೆಂಬ ಚೌಕಟ್ಟನ್ನು ಸಾಂಖ್ಯಿಕ ಸಚಿವಾಲಯ 2018ರಲ್ಲಿ 306 ಸೂಚಕಗಳೊಂದಿಗೆ ರೂಪಿಸಿತು. ಅದೇ ವರ್ಷದ ಕೊನೆಯಲ್ಲಿ ಆಯೋಗವು ರಾಜ್ಯಗಳಿಗೆ ಅಂಕ ಕೊಡುವ ಸೂಚ್ಯಂಕವನ್ನು ಆರಂಭಿಸಿತು. ಅದರಲ್ಲಿ ಆಗ ನೂರಕ್ಕೆ 57 ಇದ್ದ ದೇಶದ ಒಟ್ಟು ಅಂಕ 2023–24ರ ಆವೃತ್ತಿಯಲ್ಲಿ 71ಕ್ಕೆ ಏರಿದೆ. ಒಟ್ಟಿಗೆ ನೋಡುವವರು ಯಾರು ಎಂಬ ನಿಮ್ಮ ಪ್ರಶ್ನೆಗೆ ಕಾಗದದ ಮೇಲಿನ ಉತ್ತರ ಇಷ್ಟೇ.

ಆದರೆ ನಿಮಗೆ ಬೇಕಿರುವುದು ಈ ಉತ್ತರವಲ್ಲವೆಂದು ಬಲ್ಲೆ. ನೀತಿ ಆಯೋಗ 2015ರ ಜನವರಿ 1ರಂದು ಯೋಜನಾ ಆಯೋಗದ ಜಾಗಕ್ಕೆ ಬಂದಿತು. ಹಳೆಯ ಆಯೋಗದ ಮೇಲೆ ಎಷ್ಟೇ ದೂರುಗಳಿದ್ದರೂ, ರಾಜ್ಯಗಳಿಗೂ ಸಚಿವಾಲಯಗಳಿಗೂ ಯೋಜನಾ ಹಣ ಹಂಚುವಾಗ ಅದರ ಮಾತು ನಡೆಯುತ್ತಿತ್ತು. ಹಣ ಕೇಳಲು ಬಂದವರನ್ನು ಕೂರಿಸಿಕೊಂಡು ಪ್ರಶ್ನಿಸುವ ಅಧಿಕಾರ ಅದಕ್ಕಿತ್ತು. ಈಗ ಆ ಅಧಿಕಾರ ಹಣಕಾಸು ಸಚಿವಾಲಯದ ಕಡೆಗೆ ಸರಿದಿದೆ. ಅಂಕ ಕೊಡುವ ಮೇಷ್ಟ್ರ ಕೈಯಲ್ಲಿ ಖಜಾನೆಯ ಬೀಗದ ಕೈ ಇಲ್ಲ. ಗುರಿಗಳಿಗೆ ಸಿದ್ಧತೆ ಹೇಗಿದೆಯೆಂದು ಪರಿಶೀಲಿಸಿದ ಮಹಾಲೇಖಪಾಲರ 2019ರ ವರದಿಯೂ, ಎಷ್ಟನೆಯ ವರ್ಷಕ್ಕೆ ಎಷ್ಟು ಸಾಧಿಸಬೇಕೆಂಬ ಮೈಲಿಗಲ್ಲುಗಳುಳ್ಳ ಮಾರ್ಗಸೂಚಿ ಇನ್ನೂ ಸಿದ್ಧವಾಗಿಲ್ಲವೆಂದು ಎತ್ತಿ ತೋರಿಸಿತ್ತು.

ಈಗ ನಿಮ್ಮ ಹೊಲಕ್ಕೆ ಬರೋಣ. ಕಬ್ಬಿನ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಅಂದರೆ ಎಲ್ಲರೂ ಹೇಳುವ ಎಫ್‌ಆರ್‌ಪಿ, 1966ರ ಕಬ್ಬು ನಿಯಂತ್ರಣ ಆದೇಶದಡಿ ಗೊತ್ತಾಗುತ್ತದೆ. 2025–26ರ ಹಂಗಾಮಿಗೆ ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇದು ಬರೀ ಘೋಷಣೆಯಲ್ಲ. ಕಬ್ಬು ತಲುಪಿದ ಹದಿನಾಲ್ಕು ದಿನಗಳೊಳಗೆ ಈ ದರವನ್ನು ಕೊಡಲೇಬೇಕೆಂದು ಕಾರ್ಖಾನೆಯನ್ನು ಕಾನೂನು ಕಟ್ಟಿಹಾಕುತ್ತದೆ. (ಬಾಕಿ ಉಳಿಸಿಕೊಳ್ಳುವ ಕಾರ್ಖಾನೆಗಳ ಕಥೆ ಬೇರೆ, ಅದನ್ನು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ.) ಅದೇ ಹಂಗಾಮಿಗೆ ರಾಗಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಈ ಬೆಲೆಯನ್ನು ಕೊಡಲೇಬೇಕೆಂದು ಯಾವ ವ್ಯಾಪಾರಿಯನ್ನೂ ಕಾನೂನು ಒತ್ತಾಯಿಸುವುದಿಲ್ಲ. ಸರ್ಕಾರಿ ಖರೀದಿ ಕೇಂದ್ರ ತೆರೆದು, ಹೆಸರು ನೋಂದಾಯಿಸಿ, ಮಿತಿಯೊಳಗೆ ನಿಮ್ಮ ಸರದಿ ಬಂದರೆ ಮಾತ್ರ ಅದು ನಿಮ್ಮ ಬೆಲೆ. ಕಾರ್ಖಾನೆಯ ಕ್ಷೇತ್ರ ಸಿಬ್ಬಂದಿ ನಾಟಿಯ ದಿನವೇ ಹೊಲದ ವಿಸ್ತೀರ್ಣ ಬರೆದುಕೊಂಡು ಹೋಗುತ್ತಾರೆ. ಕಟಾವಿನ ಪರ್ಮಿಟ್ ತಡವಾದರೂ ಬಂದೇ ಬರುತ್ತದೆ. ಅದೂ ಕೈಕೊಟ್ಟರೆ ಪಕ್ಕದಲ್ಲಿ ಆಲೆಮನೆಯಿದೆ. ರಾಗಿಯ ಬೆನ್ನಿಗೆ ಇಂಥ ಆಸರೆ ಯಾವುದೂ ಇಲ್ಲ. ಗ್ರಾಮಸಭೆಯ ಬ್ಯಾನರಿಗಿಂತ ಈ ವ್ಯತ್ಯಾಸವೇ ರೈತನಿಗೆ ಮೊದಲು ಕಾಣುತ್ತದೆ, ಮತ್ತು ಅವನ ಲೆಕ್ಕಾಚಾರ ಸರಿಯಾಗಿಯೇ ಇದೆ.

ಇದರ ಮೇಲೆ ಒಂದೊಂದೇ ಪದರ ಸೇರಿಸಿ ನೋಡಿ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗೆ ರಾಜ್ಯ ಸರ್ಕಾರ ಉಚಿತ ವಿದ್ಯುತ್ ಕೊಡುತ್ತದೆ, ಯೂರಿಯಾದ ಸಬ್ಸಿಡಿಯನ್ನು ಕೇಂದ್ರದ ರಸಗೊಬ್ಬರ ಇಲಾಖೆ ಭರಿಸುತ್ತದೆ, ಹನಿ ನೀರಾವರಿಗೆ ಕೃಷಿ ಸಚಿವಾಲಯ ನೆರವು ನೀಡುತ್ತದೆ, ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಪೆಟ್ರೋಲಿಯಂ ಸಚಿವಾಲಯ 2030ರಿಂದ 2025–26ಕ್ಕೆ ಹಿಂದಕ್ಕೆ ತಂದುಕೊಂಡಿದೆ. ಇತ್ತ ನೀರು ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಆದರೂ ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಕಾವೇರಿಯ 177.25 ಟಿಎಂಸಿ ಅಡಿ ನೀರು ಹರಿದು ಹೋಗಲೇಬೇಕು. ಕನ್ನಂಬಾಡಿಯ ಅಣೆಕಟ್ಟೆ ತುಂಬಿದರೂ ಅದರಲ್ಲಿ ಹಿಡಿಯುವುದು ಸುಮಾರು 49 ಟಿಎಂಸಿ ಅಡಿ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ಮದ್ದೂರು, ಮಳವಳ್ಳಿ ಕಡೆಯ ಕೊನೆಯ ಭಾಗದ ರೈತ, ಹನ್ನೆರಡು ತಿಂಗಳ ಕಬ್ಬನ್ನು ಉಳಿಸಿಕೊಳ್ಳಲು ಕೊಳವೆಬಾವಿಯ ಸ್ವಿಚ್ಚು ಒತ್ತುತ್ತಾನೆ. ಇಷ್ಟರಲ್ಲಿ ಯಾವ ಇಲಾಖೆಯೂ ನಿಯಮ ಮೀರಿಲ್ಲ. ಎಲ್ಲವೂ ಒಂದೇ ಹೊಲದಲ್ಲಿ ಸೇರಿದಾಗ ಅಂತರ್ಜಲಕ್ಕೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ಯಾರೂ ಉತ್ತರದಾಯಿಯಲ್ಲ.

ದೆಹಲಿಯಲ್ಲಿ ಹೊಂದಾಣಿಕೆ ನಡೆಯುವುದೇ ಇಲ್ಲ ಎಂದೂ ಹೇಳಲಾರೆ. 2023ರಲ್ಲಿ ಮಳೆ ಕೈಕೊಟ್ಟು ಸಕ್ಕರೆ ಉತ್ಪಾದನೆ ಕುಸಿಯುವ ಭಯ ಬಂದಾಗ, ಕಬ್ಬಿನ ಹಾಲಿನಿಂದ ಎಥನಾಲ್ ಮಾಡಬಾರದೆಂದು ಆಹಾರ ಇಲಾಖೆ ಡಿಸೆಂಬರ್ 7ರಂದು ಆದೇಶಿಸಿತು. ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿ, 17 ಲಕ್ಷ ಟನ್ ಸಕ್ಕರೆಯಷ್ಟನ್ನು ಎಥನಾಲ್‌ಗೆ ತಿರುಗಿಸಲು ಅನುಮತಿ ಕೊಡಲಾಯಿತು. ಅಂದರೆ ಗ್ರಾಹಕನ ಸಕ್ಕರೆ ಬೆಲೆಗೂ ಪೆಟ್ರೋಲಿನ ಗುರಿಗೂ ಘರ್ಷಣೆಯಾದಾಗ ಸಚಿವಾಲಯಗಳು ಕೆಲವೇ ದಿನಗಳಲ್ಲಿ ಒಂದೇ ಮೇಜಿಗೆ ಬರಬಲ್ಲವು. ಅಂತರ್ಜಲದ ಪರವಾಗಿ ಆ ಮೇಜಿನಲ್ಲಿ ಕುಳಿತು ಅದೇ ದನಿಯಲ್ಲಿ ಮಾತನಾಡುವವರು ಇಲ್ಲದಿರುವುದೇ ಲೋಪವೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಪ್ರತ್ಯೇಕ ಸಚಿವಾಲಯವೇ? ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ನೀರಿನ ವಿಷಯಗಳನ್ನು ಒಂದೆಡೆ ತರಲೆಂದು 2019ರಲ್ಲಿ ಜಲಶಕ್ತಿ ಸಚಿವಾಲಯ ರಚನೆಯಾಯಿತು. ಕುಡಿಯುವ ನೀರೂ ನದಿಗಳೂ ಒಂದೇ ಸೂರಿನಡಿ ಬಂದವು. ಆದರೆ ನೀರನ್ನು ಅತಿ ಹೆಚ್ಚು ಬಳಸುವ ಕೃಷಿಯ ಬೆಲೆ ನೀತಿ ಹೊರಗೇ ಉಳಿಯಿತು. ಹದಿನೆಂಟನೆಯ ಗುರಿಯಂತೆ ಇನ್ನೊಂದು ಸಚಿವಾಲಯ ಹುಟ್ಟಿದರೆ, ಉಳಿದವರೆಲ್ಲ ‘ಸುಸ್ಥಿರತೆ ಅವರ ಕೆಲಸ’ ಎಂದು ಕಡತವನ್ನು ಅತ್ತ ತಳ್ಳುತ್ತಾರೆ. ಜರ್ಮನಿಯಲ್ಲಿ ಈ ಹೊಣೆ ಬಹುಕಾಲ ಚಾನ್ಸಲರರ ಕಚೇರಿಯ ನೇತೃತ್ವದ ಕಾರ್ಯದರ್ಶಿಗಳ ಸಮಿತಿಯದಾಗಿತ್ತು, ಹೊಸ ಕಾನೂನಿನ ಕರಡು ಸುಸ್ಥಿರತೆಯ ಪರಿಶೀಲನೆಗೆ ಒಳಪಡಬೇಕು. ನಮ್ಮಲ್ಲೂ ಸಂಪುಟ ಟಿಪ್ಪಣಿಯನ್ನು ಸಂಬಂಧಪಟ್ಟ ಸಚಿವಾಲಯಗಳಿಗೆ ಕಳಿಸಿ ಅಭಿಪ್ರಾಯ ಪಡೆಯಬೇಕೆಂಬ ನಿಯಮ 1961ರಿಂದಲೂ ಇದೆ. ಕಬ್ಬಿನ ದರದ ಟಿಪ್ಪಣಿಯ ಜೊತೆಗೆ ‘ಇದರಿಂದ ಯಾವ ಜಿಲ್ಲೆಯ ಅಂತರ್ಜಲಕ್ಕೆ ಏನು ಪರಿಣಾಮ’ ಎಂಬ ಒಂದು ಪುಟವನ್ನು ಕಡ್ಡಾಯ ಮಾಡಿ, ಅದನ್ನು ಸಂಪುಟ ಕಾರ್ಯದರ್ಶಿಯವರೇ ನೋಡುವಂತಾದರೆ, ಹೊಸ ಕಟ್ಟಡ, ಹೊಸ ನಾಮಫಲಕಗಳ ಅಗತ್ಯ ಬೀಳುವುದಿಲ್ಲ. ರಾಜ್ಯಗಳೊಂದಿಗೆ ಚೌಕಾಸಿ ಮಾಡಲು ಸಂವಿಧಾನವೇ ಕೊಟ್ಟ ಅಂತರರಾಜ್ಯ ಪರಿಷತ್ತು 2016ರ ಜುಲೈನಲ್ಲಿ ಸೇರಿದ್ದೇ ಕೊನೆ. ಅದನ್ನು ಎಬ್ಬಿಸುವುದು ಎರಡನೆಯ ಕೆಲಸ.

ನಿಮ್ಮ ಕೊನೆಯ ಪ್ರಶ್ನೆ ಪಂಚಾಯಿತಿಯ ಅಂಕದ್ದು. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಹದಿನೇಳು ಗುರಿಗಳನ್ನು ಒಂಬತ್ತು ವಿಷಯಗಳಾಗಿ ಅಡಕಗೊಳಿಸಿ, ಅವುಗಳ ಆಧಾರದ ಸೂಚ್ಯಂಕವನ್ನು 2025ರಲ್ಲಿ ಮೊದಲ ಬಾರಿಗೆ ಪ್ರಕಟಿಸಿತು. ಅದರ ಮಾಹಿತಿ ಹೊರಡುವುದು ನಿಮ್ಮ ಪಂಚಾಯಿತಿ ಮಟ್ಟದಿಂದಲೇ. ಮುಂದಿನ ಗ್ರಾಮಸಭೆಯಲ್ಲಿ, ನೀರಿಗೆ ಸಂಬಂಧಿಸಿದ ಅಂಕಣಗಳಲ್ಲಿ ಏನು ತುಂಬಿದ್ದಾರೆಂದು ಓದಿ ಹೇಳುವಂತೆ ಅಭಿವೃದ್ಧಿ ಅಧಿಕಾರಿಯನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಜಿಲ್ಲಾ ಪಂಚಾಯಿತಿಯ ಅವಧಿ 2021ರಲ್ಲೇ ಮುಗಿದು, ವರ್ಷಗಳು ಕಳೆದರೂ ಚುನಾವಣೆ ನಡೆಯದ ಕಾರಣ ಅಲ್ಲಿ ನಿಮ್ಮ ಪ್ರತಿನಿಧಿ ಇಲ್ಲ. ಆದ್ದರಿಂದ ಆ ನಡಾವಳಿಯ ಪ್ರತಿಯನ್ನು ಜಿಲ್ಲೆಯ ಪ್ರಗತಿ ಪರಿಶೀಲಿಸುವ ಉಸ್ತುವಾರಿ ಸಚಿವರ ಕೆಡಿಪಿ ಸಭೆಗೂ, ಸಂಸದರ ಅಧ್ಯಕ್ಷತೆಯ ದಿಶಾ ಸಮಿತಿಗೂ ಕಳಿಸಿ. ಎರಡನೆಯದರಲ್ಲಿ ಕೇಂದ್ರದ ಯೋಜನೆಗಳ ಪರಿಶೀಲನೆ ನಡೆಯುವುದರಿಂದ, ದೆಹಲಿಗೆ ಮುಟ್ಟಬೇಕಾದ ಪ್ರಶ್ನೆಗೆ ಅದೇ ಹತ್ತಿರದ ದಾರಿ.