ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಅಂದರೆ ಮಗಳು ಹೆದರುತ್ತಾಳೆ, ಮಾತ್ರೆ ಕೊಟ್ಟರೆ ಸಾಲದೇ?

ರುಮ್ಯಾಟಿಕ್ ಜ್ವರದಿಂದ (ಗಂಟಲು ಸೋಂಕಿನ ನಂತರ ಬಂದು ಹೃದಯಕ್ಕೆ ತಗಲುವ ಕಾಯಿಲೆ) ಹನ್ನೊಂದು ವರ್ಷದ ಮಗಳ ಹೃದಯದ ವಾಲ್ವ್ ಸ್ವಲ್ಪ ಸೋರುತ್ತಿದೆ, ಅದು ಮರುಕಳಿಸದಿರಲು ಕೊಡುವ ಇಂಜೆಕ್ಷನ್ ದಿನ ಹತ್ತಿರ ಬಂದರೆ ಊಟ ಬಿಡುತ್ತಾಳೆ ಎಂದು ಬರೆದಿದ್ದೀರಿ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಾತ್ರೆಗೆ ಹೋಗುವ ಮುಂಚೆ ಇಂಜೆಕ್ಷನ್ ಕೊಡುವ ರೀತಿಯನ್ನು ಬದಲಾಯಿಸಿ ನೋಡಿ ಅಮ್ಮಾ.

ಮಗು ನಾಟಕ ಮಾಡುತ್ತಿಲ್ಲ, ಆ ನೋವು ನಿಜ. ಈ ಇಂಜೆಕ್ಷನ್‌ನಲ್ಲಿರುವ ಬೆಂಜಥೀನ್ ಪೆನಿಸಿಲಿನ್ ನೀರಲ್ಲಿ ಪೂರ್ತಿ ಕರಗುವುದಿಲ್ಲ, ಕಲಸಿದರೆ ಸುಣ್ಣದ ನೀರಿನ ಹಾಗೆ ಬೆಳ್ಳಗೆ, ಮಂದವಾಗಿರುತ್ತದೆ. ಕರಗದೆ ಮಾಂಸಖಂಡದಲ್ಲಿ ಕೂರುವುದರಿಂದಲೇ ಅದು ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಅವಸರದಲ್ಲಿ ಕಲಸಿದರೆ ಮಾತ್ರ ಸೂಜಿ ಕಟ್ಟಿಕೊಂಡು ಎರಡನೇ ಸಲ ಚುಚ್ಚಬೇಕಾಗುತ್ತದೆ. ನಾನು ಹೊಸಬಳಿದ್ದಾಗ ಒಬ್ಬ ಹುಡುಗನಿಗೆ ಹೀಗೆ ಆಯಿತು. ಮುಂದಿನ ತಾರೀಖಿಗೆ ಅವನು ಬರಲೇ ಇಲ್ಲ. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕರೆತರಬೇಕಾಯಿತು. ಅಂದಿನಿಂದ ಎಷ್ಟೇ ಕ್ಯೂ ಇರಲಿ, ಈ ಬಾಟಲಿಯನ್ನು ಕಲಸುವಾಗ ನಾನು ಗಡಿಬಿಡಿ ಮಾಡುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯಬೇಡಿ, ತಿಂಡಿ ತಿನ್ನಿಸಿ, ನೀರು ಕುಡಿಸಿ. ನಿಲ್ಲಿಸಿ ಚುಚ್ಚಿಸಬೇಡಿ, ಮಲಗಿಸಿ ಕೊಡಿ ಎನ್ನಿ. ತಲೆಸುತ್ತಿ ಬೀಳುವುದು ತಪ್ಪುತ್ತದೆ, ಕಾಲೂ ಸಡಿಲವಾಗಿರುತ್ತದೆ. ಚುಚ್ಚುವ ಜಾಗವನ್ನು ಮೊದಲು ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ನೋವು ಕಡಿಮೆ. ಔಷಧಿಯನ್ನು ಎರಡು ನಿಮಿಷ ತೆಗೆದುಕೊಂಡು ನಿಧಾನಕ್ಕೆ ತಳ್ಳಬೇಕು. ಜಾಗ ಮರಗಟ್ಟಿಸುವ ಲಿಗ್ನೊಕೇನ್ ಔಷಧಿಯನ್ನು ಸ್ವಲ್ಪ ಸೇರಿಸಿ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ನೋವು ಇಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಒಂದು ಸಲ ಬಲಕ್ಕೆ, ಇನ್ನೊಂದು ಸಲ ಎಡಕ್ಕೆ.

ಮಾತ್ರೆಯಾದರೆ ದಿನಕ್ಕೆರಡು, ಅದೂ ವರ್ಷಗಟ್ಟಲೆ. ತಪ್ಪದೆ ನುಂಗಿದರೂ ಇಂಜೆಕ್ಷನ್‌ನಷ್ಟು ರಕ್ಷಣೆ ಸಿಗುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇದ್ದರೆ, ಇಲ್ಲವೇ ವಾಲ್ವ್ ತೀರಾ ಹಾಳಾಗಿದ್ದರೆ ಹೃದಯದ ಡಾಕ್ಟರೇ ಇಂಜೆಕ್ಷನ್ ಬದಲು ಮಾತ್ರೆ ಬರೆಯುತ್ತಾರೆ. ಆ ತೀರ್ಮಾನ ಅವರಿಗೇ ಬಿಡಿ. ಉಗಾಂಡಾದಲ್ಲಿ ವಾಲ್ವ್ ತೊಂದರೆ ಆಗಷ್ಟೇ ಶುರುವಾಗಿದ್ದ 818 ಮಕ್ಕಳನ್ನು ಎರಡು ವರ್ಷ ನೋಡಿದರು. ಇಂಜೆಕ್ಷನ್ ಇಲ್ಲದವರಲ್ಲಿ ನೂರಕ್ಕೆ ಎಂಟು ಮಕ್ಕಳ ತೊಂದರೆ ಹೆಚ್ಚಾಯಿತು, ಪಡೆದವರಲ್ಲಿ ನೂರಕ್ಕೆ ಒಂದೂ ಇಲ್ಲ. ಒಮ್ಮೆ ಗಂಟಲು ನೋವಿನಿಂದ ರುಮ್ಯಾಟಿಕ್ ಜ್ವರ ಮರುಕಳಿಸಿದರೆ ವಾಲ್ವ್ ಮತ್ತಷ್ಟು ಕೆಡುತ್ತದೆ.

ನ್ಯೂಜಿಲೆಂಡ್‌ನಲ್ಲಿ ಹೆಚ್ಚು ಪೆನಿಸಿಲಿನ್ ಅನ್ನು ಚರ್ಮದಡಿ ನಿಧಾನವಾಗಿ ಹರಿಸಿ, ಎರಡು ಮೂರು ತಿಂಗಳಿಗೊಮ್ಮೆ ಸಾಕಾಗುವಂತೆ ಮಾಡುವ ಪ್ರಯತ್ನ ನಡೆದಿದೆ. ಅದು ನಮ್ಮ ಮಕ್ಕಳಿಗೂ ಬೇಗ ಸಿಗಲಿ ಎಂದು ಕಾಯುತ್ತಿದ್ದೇನೆ.

ಬೇಸಿಗೆ ರಜೆಗೆ ಅಜ್ಜಿ ಮನೆಗೆ ಕಳಿಸುವಾಗ ಡಾಕ್ಟರ ಚೀಟಿ ಜೊತೆಗಿರಲಿ. ತಾರೀಖು ತಪ್ಪುವುದು ಹೆಚ್ಚಾಗಿ ಆಗಲೇ.